ಆ್ಯಪ್ ನಾಲ್ಕು, ದರ ಹೆಚ್ಚುಕಡಿಮೆ ಒಂದೇ

ಕಲ್ಯಾಣ ನಗರದ ಹೊರವರ್ತುಲ ರಸ್ತೆಯಿಂದ ಇಂದಿರಾನಗರ ಮೆಟ್ರೊ ನಿಲ್ದಾಣಕ್ಕೆ ಆಟೊದಲ್ಲಿ ಹೋಗಬೇಕು. ದೂರ 7 ಕಿ.ಮೀ. ಎಂದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರಪಟ್ಟಿಯಂತೆ ಮೊದಲ 2 ಕಿ.ಮೀ.ಗೆ ₹36, ಆಮೇಲೆ ಕಿಲೊಮೀಟರಿಗೆ ₹18. ಮಿಕ್ಕ 5 ಕಿ.ಮೀ.ಗೆ ₹90. ಕೂಡಿದರೆ ₹126. ಇದು ಮೀಟರಿನ ಲೆಕ್ಕ, ಎರಡನೇ ತರಗತಿಯ ಮಗುವೂ ಮಾಡಬಹುದಾದ ಲೆಕ್ಕ.

ಸಂಜೆ ಏಳು ಗಂಟೆಗೆ ಅದೇ ಜಾಗದಲ್ಲಿ ನಿಂತು ಫೋನ್ ತೆಗೆದರೆ ಲೆಕ್ಕ ಬೇರೆ. ಓಲಾ, ಊಬರ್, ರ‍್ಯಾಪಿಡೊ, ನಮ್ಮ ಯಾತ್ರಿ ಎಂದು ಒಂದೊಂದನ್ನೇ ತೆರೆದು ನೋಡುವವರು ಸಿಗುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ಐದು-ಹತ್ತು ರೂಪಾಯಿ ಹೆಚ್ಚುಕಡಿಮೆ. ಮಳೆ ಬಂದರೆ ನಾಲ್ಕೂ ಒಟ್ಟಿಗೇ ಏರುತ್ತವೆ. ಬೇಸತ್ತು ಎದುರಿಗೆ ಬಂದ ಆಟೊಗೆ ಕೈ ತೋರಿಸಿದರೆ ಚಾಲಕರು ಮೊದಲು ಕೇಳುವುದು, 'ಆ್ಯಪಲ್ಲಿ ಎಷ್ಟು ತೋರಿಸ್ತಿದೆ ಸಾರ್?' ಎಂದು. ಮೀಟರ್ ಇದ್ದರೂ ಮಾತು ಶುರುವಾಗುವುದು ಆ್ಯಪಿನ ಮೊತ್ತದಿಂದ.

ನಾಲ್ಕು ಅಂಗಡಿ ಇದ್ದರೆ ಪೈಪೋಟಿ ಇರಬೇಕು, ಪೈಪೋಟಿ ಇದ್ದರೆ ದರ ಇಳಿಯಬೇಕು ಎಂಬುದು ನಮ್ಮೆಲ್ಲರ ನಂಬಿಕೆ. ಹಾಗಾದರೆ ಇಲ್ಲೇಕೆ ಇಳಿಯುವುದಿಲ್ಲ? ನಾಲ್ಕೂ ಕಂಪನಿಯವರು ಗುಟ್ಟಾಗಿ ಮಾತಾಡಿಕೊಂಡಿದ್ದಾರೆ ಎನ್ನಲು ಪುರಾವೆ ಇಲ್ಲ. ಮಾತಾಡಿಕೊಳ್ಳಬೇಕಾದ ಅಗತ್ಯವೂ ಅವರಿಗಿಲ್ಲ. ಕೆಲವೇ ಮಾರಾಟಗಾರರು ಹಿಡಿದಿಟ್ಟ ಮಾರುಕಟ್ಟೆಯ ಸ್ವಭಾವವೇ ಅದು. ಅರ್ಥಶಾಸ್ತ್ರದಲ್ಲಿ ಇದಕ್ಕೆ ಒಲಿಗಾಪಲಿ ಎನ್ನುತ್ತಾರೆ. ಇದನ್ನು ಅರಿಯಲು ಬೆಂಗಳೂರಿನ ಟ್ಯಾಕ್ಸಿ ಮತ್ತು ಆಟೊಗಳ ಹತ್ತು-ಹನ್ನೆರಡು ವರ್ಷದ ಕಥೆಯೇ ಸಾಕು.

ದುಡ್ಡು ಸುರಿದ ದಿನಗಳು

ಊಬರ್ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಬೆಂಗಳೂರಿನಲ್ಲಿ, 2013ರ ಆಗಸ್ಟ್‌ನಲ್ಲಿ. ಮುಂಬೈಯಲ್ಲಿ ಹುಟ್ಟಿದ ಓಲಾ ಅಷ್ಟರಲ್ಲಿ ಬೆಂಗಳೂರನ್ನೇ ನೆಲೆ ಮಾಡಿಕೊಂಡಿತ್ತು. ಇಲ್ಲಿಯದೇ ಆದ ಟ್ಯಾಕ್ಸಿಫಾರ್‌ಶೂರ್ 2011ರಿಂದ ಓಡುತ್ತಿತ್ತು. ಫೋನ್ ಮಾಡಿ ಕರೆಸುವ ಮೇರು, ಈಸಿ ಕ್ಯಾಬ್ಸ್ ಅದಕ್ಕೂ ಮೊದಲಿನವು. ಅಂದರೆ ಆಗ ಮಾರುಕಟ್ಟೆಯಲ್ಲಿ ಜನ ಸಾಕಷ್ಟಿದ್ದರು.

ಆಮೇಲೆ ನಡೆದದ್ದು ದುಡ್ಡಿನ ಕಾಳಗ. ಪ್ರಯಾಣಿಕರಿಗೆ ಆಟೊಗಿಂತ ಕಡಿಮೆ ದರದಲ್ಲಿ ಏಸಿ ಕಾರು, ಚಾಲಕರಿಗೆ ದಿನಕ್ಕೆ ಇಷ್ಟು ಡ್ಯೂಟಿ ಮುಗಿಸಿದರೆ ಇಷ್ಟು ಇನ್ಸೆಂಟಿವ್. ಬಾಡಿಗೆಯಿಂದ ಬಂದದ್ದಕ್ಕಿಂತ ಹೆಚ್ಚು ಹಣ ಕಂಪನಿಯ ಕೈಯಿಂದ ಹೋಗುತ್ತಿತ್ತು. ಮೇರು ಕಂಪನಿ ಹೂಡಿದ ದೆಹಲಿ ಭಾಗದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2019ರ ಸೆಪ್ಟೆಂಬರ್‌ನಲ್ಲಿ ಒಂದು ಅಂಕಿಯನ್ನು ಎತ್ತಿ ತೋರಿಸಿತು. ದೂರಿನಂತೆ ಊಬರ್‌ಗೆ ಒಂದೊಂದು ಟ್ರಿಪ್ಪಿಗೆ ₹204 ನಷ್ಟ. ಇಷ್ಟು ನಷ್ಟ ತಡೆದುಕೊಂಡು ವ್ಯಾಪಾರ ಮಾಡುವುದಕ್ಕೆ ಪ್ರತಿಸ್ಪರ್ಧಿಗಳನ್ನು ಹೊರದೂಡುವ ಉದ್ದೇಶವಲ್ಲದೆ ಬೇರೆ ಅರ್ಥ ಕಾಣುವುದು ಕಷ್ಟ ಎಂಬ ಧಾಟಿಯಲ್ಲಿ ನ್ಯಾಯಾಲಯ ಮಾತಾಡಿತು, ತನಿಖೆ ನಡೆಯಲಿ ಎಂದಿತು. ಮುಂದೆ 2021ರಲ್ಲಿ, ಮಾರುಕಟ್ಟೆಯ ಪೈಪೋಟಿಯನ್ನು ಕಾಯುವ ಸ್ಪರ್ಧಾ ಆಯೋಗ ಆ ಪ್ರಕರಣವನ್ನು ಮುಕ್ತಾಯಗೊಳಿಸಿತು.

ದುಡ್ಡಿಲ್ಲದವರು ಉಳಿಯಲಿಲ್ಲ. 2015ರ ಮಾರ್ಚ್‌ನಲ್ಲಿ ಓಲಾ ಸುಮಾರು 20 ಕೋಟಿ ಡಾಲರ್‌ಗೆ ಟ್ಯಾಕ್ಸಿಫಾರ್‌ಶೂರ್ ಅನ್ನು ಕೊಂಡುಕೊಂಡಿತು, ಮರುವರ್ಷ ಅದನ್ನು ಮುಚ್ಚಿತು. ಬೆಂಗಳೂರಿನ ಟ್ಯಾಕ್ಸಿ ವ್ಯಾಪಾರ ಎರಡು ಹೆಸರುಗಳ ನಡುವಿನ ವ್ಯವಹಾರವಾಯಿತು. ಗಮನಿಸಿ, ಜಪಾನಿನ ಸಾಫ್ಟ್‌ಬ್ಯಾಂಕ್ 2014ರಲ್ಲಿ ಓಲಾದಲ್ಲೂ 2018ರಲ್ಲಿ ಊಬರ್‌ನಲ್ಲೂ ಹಣ ಹೂಡಿತು. ಎದುರಾಳಿಗಳಿಬ್ಬರ ಹಿಂದೆಯೂ ಒಂದೇ ಥೈಲಿ.

ಇನ್ನು ಇನ್ಸೆಂಟಿವ್ ಕೊಡಬೇಕಾದ ಕಾರಣವಾದರೂ ಏನು? ಅದು ಇಳಿಯಿತು. ಸಾಲ ಮಾಡಿ ಕಾರು ಕೊಂಡಿದ್ದ ಚಾಲಕರು 2017ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಮುಷ್ಕರ ಹೂಡಿದರು. ಕಂತು ಕಟ್ಟುವ ದಿನ ಬಂದಾಗ ಅವರಿಗೆ ಅರ್ಥವಾಗಿತ್ತು: ಒಂದು ಕಂಪನಿ ಬಿಟ್ಟರೆ ಹೋಗಲು ಇದ್ದದ್ದು ಇನ್ನೊಂದೇ, ಅಲ್ಲೂ ಷರತ್ತು ಅದೇ.

ಮಾತಿಲ್ಲದ ಹೊಂದಾಣಿಕೆ

ಫ್ರಾನ್ಸಿನ ಗಣಿತಜ್ಞ ಆಂತ್ವಾನ್ ಕೂರ್ನೊ ಕೆಲವೇ ಮಾರಾಟಗಾರರಿದ್ದರೆ ಏನಾಗುತ್ತದೆ ಎಂಬುದನ್ನು 1838ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಖನಿಜ ನೀರಿನ ಎರಡು ಚಿಲುಮೆ, ಇಬ್ಬರು ಮಾಲೀಕರು. ಎದುರಿನವನು ಎಷ್ಟು ನೀರು ಮಾರುತ್ತಾನೆ ಎಂದು ನೋಡಿಕೊಂಡು ಇವನು ತನ್ನ ಪ್ರಮಾಣ ನಿರ್ಧರಿಸುತ್ತಾನೆ, ಅವನೂ ಹಾಗೆಯೇ. ಇಬ್ಬರೂ ಒಂದು ಮಾತೂ ಆಡದಿದ್ದರೂ ಬೆಲೆ ಒಬ್ಬನೇ ಮಾಲೀಕನಿದ್ದಾಗಿನ ಮಟ್ಟಕ್ಕಿಂತ ಕೆಳಗೆ, ಹತ್ತಾರು ಜನ ಮಾರುವಾಗಿನ ಮಟ್ಟಕ್ಕಿಂತ ಮೇಲೆ ಹೋಗಿ ನಿಲ್ಲುತ್ತದೆ. 1883ರಲ್ಲಿ ಜೋಸೆಫ್ ಬರ್ಟ್ರಾಂಡ್ ಇದನ್ನು ಒಪ್ಪಲಿಲ್ಲ. ಬೆಲೆಯಲ್ಲೇ ಕಾದಾಡಿದರೆ ಇಬ್ಬರೇ ಸಾಕು, ದರ ಖರ್ಚಿನ ಮಟ್ಟಕ್ಕೆ ಕುಸಿಯುತ್ತದೆ ಎಂದ.

ಬೆಂಗಳೂರು ಎರಡನ್ನೂ ಕಂಡಿದೆ. ಆರಂಭದ ವರ್ಷಗಳಲ್ಲಿ ಬರ್ಟ್ರಾಂಡ್ ಹೇಳಿದ್ದಕ್ಕಿಂತಲೂ ಕೆಳಗೆ, ಖರ್ಚಿಗಿಂತ ಕಡಿಮೆಗೆ ದರ ಬಿತ್ತು. ಉಳಿದವರು ಯಾರೆಂದು ಇತ್ಯರ್ಥವಾದ ಮೇಲೆ ಕೂರ್ನೊ ಹೇಳಿದ ಲೋಕಕ್ಕೆ ಬಂದೆವು. ಅಮೆರಿಕದ ಎಡ್ವರ್ಡ್ ಚೇಂಬರ್ಲಿನ್ 1930ರ ದಶಕದಲ್ಲಿ ಇದರ ಕಾರಣವನ್ನು ಬಿಡಿಸಿ ಹೇಳಿದ. ಮಾರುವವರು ಬೆರಳೆಣಿಕೆಯಷ್ಟಿದ್ದಾಗ, ತಾನು ದರ ಇಳಿಸಿದರೆ ಎದುರಿನವನೂ ನಾಳೆಯೇ ಇಳಿಸುತ್ತಾನೆ, ಕೊನೆಗೆ ಇಬ್ಬರಿಗೂ ನಷ್ಟ ಎಂದು ಪ್ರತಿಯೊಬ್ಬನಿಗೂ ಗೊತ್ತಿರುತ್ತದೆ. ಆದ್ದರಿಂದ ಯಾರೂ ಮೊದಲು ಇಳಿಸುವುದಿಲ್ಲ. ಒಬ್ಬ ಏರಿಸಿದರೆ ಮಾತ್ರ ಉಳಿದವರು ನೋಡಿ ಹಿಂಬಾಲಿಸುತ್ತಾರೆ. ಫೋನಿನ ಯುಗದಲ್ಲಿ ಎದುರಿನವನ ದರ ನೋಡಲು ನಾಳೆಯವರೆಗೂ ಕಾಯಬೇಕಿಲ್ಲ.

ಇದಕ್ಕೆ ಸಾಕ್ಷಿ ಬೇಕಿದ್ದರೆ ಕಲ್ಯಾಣ ನಗರದ ಪಕ್ಕದ ಕಮ್ಮನಹಳ್ಳಿ ಮುಖ್ಯರಸ್ತೆಯ ಹೋಟೆಲುಗಳಿಂದ ಊಟ ತರಿಸಿದ ಬಿಲ್ ತೆಗೆದು ನೋಡಿ. 2014ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಸ್ವಿಗ್ಗಿ 2023ರ ಏಪ್ರಿಲ್‌ನಲ್ಲಿ ಪ್ರತಿ ಆರ್ಡರಿಗೆ ₹2 'ಪ್ಲಾಟ್‌ಫಾರ್ಮ್ ಶುಲ್ಕ' ಹಾಕಲು ಆರಂಭಿಸಿತು. ಆಗಸ್ಟ್‌ನಲ್ಲಿ ಜೊಮ್ಯಾಟೊ ಕೂಡ ₹2 ಹಾಕಿತು. 2024ರ ಜುಲೈ ಹೊತ್ತಿಗೆ ಬೆಂಗಳೂರಿನಲ್ಲಿ ಎರಡರದ್ದೂ ₹6. ಅದೇ ವರ್ಷ ದೀಪಾವಳಿಯ ಮುಂಚೆ ಎರಡರದ್ದೂ ₹10. ಊಟದ ಬೆಲೆಯಲ್ಲ, ತಲುಪಿಸುವ ಕೂಲಿಯಲ್ಲ, ಆ್ಯಪ್ ಬಳಸಿದ್ದಕ್ಕೆ ಕಟ್ಟುವ ಹಣ ಇದು. ಈ ಮಾರುಕಟ್ಟೆಯಲ್ಲೂ ಹಿಂದೆ ಜನ ಇದ್ದರು. ಊಬರ್ ಈಟ್ಸ್ ಅನ್ನು 2020ರ ಜನವರಿಯಲ್ಲಿ ಜೊಮ್ಯಾಟೊ ಕೊಂಡಿತು. ಅದೇ ವರ್ಷ ಬೆಂಗಳೂರಿನಲ್ಲಿ ಊಟ ತಲುಪಿಸಲು ಹೊರಟ ಅಮೆಜಾನ್ 2022ರ ಕೊನೆಗೆ ಬಾಗಿಲು ಹಾಕಿತು. ಅಮೆಜಾನಿನಷ್ಟು ದುಡ್ಡಿರುವವರಿಗೇ ಒಳಗೆ ನಿಲ್ಲಲು ಆಗಲಿಲ್ಲ ಎಂದರೆ ಸಣ್ಣವರ ಪಾಡು ಹೇಳಬೇಕಿಲ್ಲ.

ಒಳಗೆ ನಿಲ್ಲುವುದು ಏಕೆ ಕಷ್ಟ? ಪ್ರಯಾಣಿಕರು ಹೆಚ್ಚಿರುವ ಕಡೆ ಚಾಲಕರು ಹೋಗುತ್ತಾರೆ, ಚಾಲಕರು ಹೆಚ್ಚಿರುವ ಕಡೆ ಪ್ರಯಾಣಿಕರು ಹೋಗುತ್ತಾರೆ. ಹೊಸ ಆ್ಯಪಿನಲ್ಲಿ ಎರಡೂ ಇರುವುದಿಲ್ಲ. ಹತ್ತು ನಿಮಿಷ 'ಹುಡುಕುತ್ತಿದ್ದೇವೆ' ಎಂದು ತೋರಿಸಿ ಕೈಬಿಟ್ಟ ಆ್ಯಪನ್ನು ಯಾರೂ ಎರಡನೇ ಸಲ ತೆರೆಯುವುದಿಲ್ಲ.

ಕಾಯ್ದೆಯ ಎರಡು ಬಲೆ

ನಮ್ಮ ಸ್ಪರ್ಧಾ ಕಾಯ್ದೆ 2002ರದ್ದು. ಅದರಲ್ಲಿ ಮುಖ್ಯವಾಗಿ ಎರಡು ಬಲೆಗಳಿವೆ. ಮೂರನೇ ಸೆಕ್ಷನ್ ಕಂಪನಿಗಳು ಕೂಡಿಕೊಂಡು ಮಾಡುವ ಒಪ್ಪಂದವನ್ನು ಹಿಡಿಯುತ್ತದೆ. 2012ರಲ್ಲಿ 11 ಸಿಮೆಂಟ್ ಕಂಪನಿಗಳ ಮೇಲೆ ಸ್ಪರ್ಧಾ ಆಯೋಗ ಸುಮಾರು ₹6,300 ಕೋಟಿ ದಂಡ ಹಾಕಿದ್ದು ಈ ಸೆಕ್ಷನ್ನಿನಡಿ. ನಾಲ್ಕನೇ ಸೆಕ್ಷನ್ ಒಬ್ಬ ದೊಡ್ಡವನು ತನ್ನ ಬಲವನ್ನು ದುರುಪಯೋಗ ಮಾಡಿಕೊಂಡರೆ ಹಿಡಿಯುತ್ತದೆ.

ಬೆಂಗಳೂರಿನ ಟ್ಯಾಕ್ಸಿ ಪ್ರಕರಣ ಈ ಎರಡರ ನಡುವಿನಿಂದ ನುಸುಳಿ ಹೋಯಿತು. ಫಾಸ್ಟ್ ಟ್ರ್ಯಾಕ್ ಕಾಲ್ ಕ್ಯಾಬ್ ಮತ್ತು ಮೇರು ಕಂಪನಿಗಳು, ಓಲಾ ಖರ್ಚಿಗಿಂತ ಕಡಿಮೆ ದರ ಇಟ್ಟು ಬೆಂಗಳೂರಿನ ಮಾರುಕಟ್ಟೆಯಿಂದ ತಮ್ಮನ್ನು ಹೊರದೂಡುತ್ತಿದೆ ಎಂದು ಆಯೋಗಕ್ಕೆ ದೂರು ಕೊಟ್ಟವು. 2015ರಲ್ಲಿ ತನಿಖೆಗೆ ಆದೇಶವಾಯಿತು. 2017ರ ಜುಲೈನಲ್ಲಿ ತೀರ್ಪು ಬಂತು: ಓಲಾ ಒಂದೇ ಇಲ್ಲಿ ಪ್ರಬಲವಲ್ಲ, ಊಬರ್ ಬೆನ್ನಿಗೇ ಇದೆ, ಪೈಪೋಟಿ ಜೋರಾಗಿದೆ. ಇಬ್ಬರೂ ಒಟ್ಟಾಗಿ ಪ್ರಬಲರು ಎಂದು ಹೇಳಬಹುದಲ್ಲ ಎಂಬ ವಾದಕ್ಕೆ ನಮ್ಮ ಕಾಯ್ದೆಯಲ್ಲಿ ಜಾಗವೇ ಇಲ್ಲ. ಅದು ಕೇಳುವುದು ಒಂದು ಉದ್ಯಮ ಅಥವಾ ಒಂದೇ ಒಡೆತನದ ಗುಂಪಿನ ಪ್ರಾಬಲ್ಯವನ್ನು. ಒಬ್ಬನೇ ಇದ್ದರೆ ತಪ್ಪಿತಸ್ಥ, ಇಬ್ಬರಿದ್ದರೆ ಪೈಪೋಟಿ ಎಂದಾಯಿತು.

ಒಪ್ಪಂದದ ಬಲೆಯೂ ಕೆಲಸಕ್ಕೆ ಬರಲಿಲ್ಲ. ಸಾವಿರಾರು ಚಾಲಕರು ತಂತಮ್ಮಲ್ಲಿ ಚೌಕಾಸಿ ಮಾಡದಂತೆ ಆ್ಯಪ್ ಒಂದೇ ದರ ಕಟ್ಟುತ್ತದೆ, ಇದೂ ದರ ನಿಗದಿಯ ಕೂಟವೇ ಎಂದು ಓಲಾ ಮತ್ತು ಊಬರ್ ವಿರುದ್ಧ ಹೂಡಿದ್ದ ಇನ್ನೊಂದು ದೂರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಚಾಲಕರ ನಡುವೆ ಅಂಥ ಒಪ್ಪಂದ ಕಾಣುವುದಿಲ್ಲ ಎಂಬ ಆಯೋಗದ ಅಭಿಪ್ರಾಯವನ್ನು ನ್ಯಾಯಾಲಯ 2020ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಿತು.

ಐರೋಪ್ಯ ಒಕ್ಕೂಟದ ಒಪ್ಪಂದದಲ್ಲಿ ಜಂಟಿ ಪ್ರಾಬಲ್ಯ ನುಸುಳುವ ಈ ಕಿಂಡಿ ಇಲ್ಲ. 'ಒಂದು ಅಥವಾ ಹೆಚ್ಚು ಉದ್ಯಮಗಳು' ಪ್ರಾಬಲ್ಯ ದುರ್ಬಳಕೆ ಮಾಡಿದರೆ ತಪ್ಪು ಎಂದು ಅಲ್ಲಿ ಬರೆದಿದೆ. ನಮ್ಮಲ್ಲೂ ನಾಲ್ಕನೇ ಸೆಕ್ಷನ್ನಿಗೆ ಒಬ್ಬರಾಗಿ ಅಥವಾ ಜಂಟಿಯಾಗಿ ಎಂಬ ಮಾತು ಸೇರಿಸಲು 2012ರಲ್ಲಿ ತಿದ್ದುಪಡಿ ಮಸೂದೆ ಬಂದಿತ್ತು. ಲೋಕಸಭೆಯ ಅವಧಿ ಮುಗಿದು ಮಸೂದೆಯೂ ಬಿದ್ದುಹೋಯಿತು. 2023ರ ದೊಡ್ಡ ತಿದ್ದುಪಡಿ ಕಂಪನಿಗಳ ಖರೀದಿಯ ಮೇಲೆ ನಿಗಾ ಬಿಗಿ ಮಾಡಿತು. ₹2,000 ಕೋಟಿ ದಾಟುವ, ಭಾರತದಲ್ಲಿ ಗಣನೀಯ ವ್ಯವಹಾರವಿರುವ ಕಂಪನಿಗಳ ಖರೀದಿಗೆ ಈಗ ಆಯೋಗದ ಅನುಮತಿ ಬೇಕು. ಜಂಟಿ ಪ್ರಾಬಲ್ಯದ ಕಿಂಡಿಯನ್ನು ಮಾತ್ರ ಮುಚ್ಚಲಿಲ್ಲ.

ಗೋಡೆ ಬಿರುಕು ಬಿಟ್ಟದ್ದು

ಕೋರ್ಟು, ಆಯೋಗಗಳಿಂದ ಆಗದ ಕೆಲಸ ಬೇರೆ ದಾರಿಯಲ್ಲಿ ಆಯಿತು. 2022ರ ಮಳೆಗಾಲದ ಹೊತ್ತಿಗೆ 2 ಕಿ.ಮೀ.ಗಿಂತ ಕಡಿಮೆ ದೂರಕ್ಕೂ ಆ್ಯಪ್‌ಗಳು ₹100 ಕೇಳುತ್ತಿವೆ ಎಂದು ದೂರುಗಳ ರಾಶಿ ಬಿತ್ತು. ಆಗಿನ ಸರ್ಕಾರಿ ಕನಿಷ್ಠ ದರ ₹30. ಅಕ್ಟೋಬರ್ 6ರಂದು ಸಾರಿಗೆ ಇಲಾಖೆ ಓಲಾ, ಊಬರ್, ರ‍್ಯಾಪಿಡೊಗಳಿಗೆ ನೋಟಿಸ್ ಕೊಟ್ಟಿತು. 2016ರ ನಿಯಮಗಳಡಿ ನಿಮಗಿರುವ ಪರವಾನಗಿ ಟ್ಯಾಕ್ಸಿಗೆ, ಆಟೊಗಲ್ಲ, ನಿಲ್ಲಿಸಿ ಎಂದಿತು. ಕಂಪನಿಗಳು ಹೈಕೋರ್ಟಿಗೆ ಹೋದವು. ಕೊನೆಗೆ ನವೆಂಬರ್‌ನಲ್ಲಿ ಸರ್ಕಾರ, ಮೀಟರ್ ದರದ ಮೇಲೆ ಶೇ 5ರಷ್ಟು ಸೇವಾ ಶುಲ್ಕ ಮತ್ತು ಜಿಎಸ್‌ಟಿ ಮಾತ್ರ ಪಡೆಯಬಹುದು ಎಂದು ಆದೇಶಿಸಿತು. 2024ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಅದೇ ನವೆಂಬರ್‌ನಲ್ಲಿ ಆಟೊ ಚಾಲಕರ ಸಂಘ ಎಆರ್‌ಡಿಯು ಜೊತೆ ಸೇರಿ ಬೆಂಗಳೂರಿನ ಜಸ್‌ಪೇ ಕಂಪನಿ 'ನಮ್ಮ ಯಾತ್ರಿ'ಯನ್ನು ಬಿಟ್ಟಿತು. ಕಮಿಷನ್ ಇಲ್ಲ, ಪ್ರಯಾಣಿಕರು ಕೊಟ್ಟ ದುಡ್ಡು ನೇರ ಚಾಲಕರ ಕೈಗೆ. ಮುಂದಿನ ವರ್ಷ ಚಾಲಕರಿಂದ ದಿನಕ್ಕೆ ₹25 ಶುಲ್ಕದ ಪದ್ಧತಿ ಬಂತು. ಎಷ್ಟೇ ಬಾಡಿಗೆ ಮಾಡಿದರೂ ಅಷ್ಟೇ.

ಚಾಲಕರ ಪರವಾದ ಆ್ಯಪ್ ಅದೇ ಮೊದಲೇನಲ್ಲ. 2017ರ ಮುಷ್ಕರದ ನಂತರ ಎಚ್.ಡಿ. ಕುಮಾರಸ್ವಾಮಿಯವರ ಬೆಂಬಲದೊಂದಿಗೆ ಅದೇ ವರ್ಷಾಂತ್ಯಕ್ಕೆ 'ನಮ್ಮ ಟೈಗರ್' ಎಂಬ ಕ್ಯಾಬ್ ಸೇವೆ ಬಂದಿತ್ತು. ಕಡಿಮೆ ಕಮಿಷನ್, ಸ್ಥಳೀಯ ಕಂಪನಿ, ರಾಜಕೀಯ ಬಲ ಎಲ್ಲವೂ ಇತ್ತು, ನೆಲೆಯೂರಲಿಲ್ಲ. ವ್ಯತ್ಯಾಸ ಎಲ್ಲಿ? ನಮ್ಮ ಯಾತ್ರಿಗೆ ಸಂಘದ ಮೂಲಕ ಚಾಲಕರು ಒಟ್ಟಿಗೆ ಬಂದರು, ಅಂದರೆ ಎರಡು ಕಡೆಯವರನ್ನೂ ಕೂಡಿಸುವ ಸಮಸ್ಯೆಯಲ್ಲಿ ಅರ್ಧ ಮೊದಲ ದಿನವೇ ಬಗೆಹರಿಯಿತು. ಎದುರಾಳಿಗಳ ಮೇಲೆ ಆಗಲೇ ಸರ್ಕಾರದ ಕಣ್ಣು ಬಿದ್ದಿತ್ತು. ಆಟೊ ಚಾಲಕರಿಗೆ ಹೊಸ ಗಾಡಿ, ಹೊಸ ಸಾಲ ಬೇಕಿರಲಿಲ್ಲ. ಹ್ಯಾಂಡಲ್ ಬಳಿ ಸಿಕ್ಕಿಸಿದ ಫೋನಿನಲ್ಲಿ ಇನ್ನೊಂದು ಆ್ಯಪ್ ಇಳಿಸಿಕೊಂಡರೆ ಸಾಕಿತ್ತು.

ಪರಿಣಾಮ ಊರಿನ ಗಡಿಯನ್ನೂ ದಾಟಿತು. 2024ರಲ್ಲಿ ರ‍್ಯಾಪಿಡೊ, ಓಲಾ ಎರಡೂ ಆಟೊಗಳ ಮೇಲಿನ ಕಮಿಷನ್ ಕೈಬಿಟ್ಟು ದಿನದ ಶುಲ್ಕದ ದಾರಿಗೆ ಬಂದವು. 2025ರ ಫೆಬ್ರುವರಿಯಲ್ಲಿ ಊಬರ್ ಕೂಡ ದೇಶದಾದ್ಯಂತ ಹಾಗೇ ಮಾಡಿತು. ಪ್ರತಿ ಬಾಡಿಗೆಯಲ್ಲೂ ಪಾಲು ಕೇಳುತ್ತಿದ್ದವರು ಪಾಲು ಬಿಟ್ಟರು. ಬೆಂಗಳೂರಿನ ಆಟೊ ಚಾಲಕರಿಗೆ ಸಿಕ್ಕ ಈ ಗೆಲುವನ್ನು ಕಡಿಮೆ ಎಣಿಸಬಾರದು.

ಕಮಿಷನ್ ಹೋಯಿತು, ದರ?

ಪ್ರಯಾಣಿಕರ ಪಾಲಿಗೆ ಕಥೆ ಅಷ್ಟು ಸುಖಾಂತ್ಯವಲ್ಲ. ಕಮಿಷನ್ ಇದ್ದಾಗ ದರಕ್ಕೆ ಕಂಪನಿ ಹೊಣೆ ಎಂದು ಸರ್ಕಾರ ಹಿಡಿದು ಕೇಳಬಹುದಿತ್ತು. ಶುಲ್ಕದ ಪದ್ಧತಿ ಬಂದ ಮೇಲೆ ಊಬರ್ ಹೇಳಿದ್ದು, ಪರದೆಯ ಮೇಲಿನದು ಸೂಚಿತ ದರ ಮಾತ್ರ, ಕೊನೆಯ ಮೊತ್ತ ಪ್ರಯಾಣಿಕರು ಮತ್ತು ಚಾಲಕರು ಒಪ್ಪಿಕೊಂಡಂತೆ ಎಂದು. ಹಾಗಾಗಿ ಹೆಚ್ಚು ಕೇಳಿದರೆ ಕಂಪನಿ ಚಾಲಕನತ್ತ ಬೆರಳು ತೋರಿಸುತ್ತದೆ, ಚಾಲಕ ಆ್ಯಪಿನತ್ತ. 'ಅಲ್ಲಿಂದ ಖಾಲಿ ಬರ್ಬೇಕು ಸಾರ್' ಎಂಬ ಹಳೆಯ ಮಾತು ಬಂದು ಕೂರುವುದು ಈ ಸಂದಿನಲ್ಲೇ.

ಜೊತೆಗೆ 'ಟಿಪ್' ಬಂತು. ಗಾಡಿ ಹತ್ತುವ ಮೊದಲೇ ಹತ್ತೋ ಇಪ್ಪತ್ತೋ ಸೇರಿಸಿ, ಬೇಗ ಸಿಗಬಹುದು ಎನ್ನುವ ಗುಂಡಿ. 2025ರ ಮೇ ತಿಂಗಳಲ್ಲಿ ಧಾರವಾಡದ ಸಂಸದರೂ ಆದ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ ಇದನ್ನು ಬಹಿರಂಗವಾಗಿ ಟೀಕಿಸಿದರು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಊಬರ್‌ಗೆ ನೋಟಿಸ್ ಕೊಟ್ಟಿತು. ಗುಂಡಿ ಊಬರ್‌ನದ್ದು ಮಾತ್ರ ಆಗಿರಲಿಲ್ಲ, ಬೇರೆ ಆ್ಯಪ್‌ಗಳಲ್ಲೂ ಇತ್ತು, ನಮ್ಮ ಯಾತ್ರಿಯಲ್ಲೂ ಇತ್ತು. ಯಾರೂ ಯಾರನ್ನೂ ಕೇಳದೆ ಎಲ್ಲರೂ ಒಂದೇ ಕಡೆ ಬಂದು ಸೇರುವುದು ಹೀಗೆ. ಚಾಲಕರ ಸಂಘದ ಆಸರೆಯಲ್ಲಿ ಬೆಳೆದ ನಮ್ಮ ಯಾತ್ರಿಯ ತಂಡ 2024ರಲ್ಲಿ ಪ್ರತ್ಯೇಕ ಕಂಪನಿಯಾಗಿ ಹೂಡಿಕೆದಾರರ ಹಣ ಪಡೆಯಿತು. ಹಣ ಕೊಟ್ಟವರಲ್ಲಿ ಗೂಗಲ್ ಕೂಡ ಇದೆ. ನಿನ್ನೆಯ ಹೊಸಬ ನಾಳೆ ಆ ಕೆಲವರಲ್ಲಿ ಒಬ್ಬನಾಗಬಹುದು ಎಂಬುದನ್ನು ಮರೆಯಬಾರದು.

ಬಿಟ್ಟು ಹೋಗುವ ದಾರಿ

ಹಾಗಾಗಿ ಮಾರುಕಟ್ಟೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ಎಣಿಸುವುದರಿಂದ ಹೆಚ್ಚು ತಿಳಿಯುವುದಿಲ್ಲ. ಕೇಳಬೇಕಾದ ಪ್ರಶ್ನೆ ಎರಡು. ಹೊಸಬರು ಒಳಗೆ ಬರಬಲ್ಲರೆ? ನಾವು ಬಿಟ್ಟು ಹೊರಗೆ ಹೋಗಬಲ್ಲೆವೆ?

ಎರಡನೆಯ ಪ್ರಶ್ನೆಗೆ ಕಲ್ಯಾಣ ನಗರದ ಉತ್ತರ ಇವತ್ತಿಗೆ ಅಷ್ಟಕ್ಕಷ್ಟೇ. ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಹೋಗಲಿರುವ ಮೆಟ್ರೊ ನೀಲಿ ಮಾರ್ಗದಲ್ಲಿ ಹೊರಮಾವು, ಎಚ್‌ಆರ್‌ಬಿಆರ್ ಬಡಾವಣೆ, ಕಲ್ಯಾಣ ನಗರ, ಎಚ್‌ಬಿಆರ್ ಬಡಾವಣೆ ನಿಲ್ದಾಣಗಳಿವೆ. ಉಪನಗರ ರೈಲಿನ 'ಮಲ್ಲಿಗೆ' ಮಾರ್ಗ ಬಾಣಸವಾಡಿಯ ಮೇಲೆ ಹಾದುಹೋಗಲಿದೆ. ಅವು ಓಡಲು ಆರಂಭಿಸುವ ತನಕ ಹೊರವರ್ತುಲ ರಸ್ತೆಯಲ್ಲಿ ಸಿಗುವುದು 500-ಡಿಯಂಥ ಬಿಎಂಟಿಸಿ ಬಸ್ಸುಗಳು. ಆದರೆ ಅವು ಆ ರಸ್ತೆಯುದ್ದಕ್ಕೇ ಓಡುತ್ತವೆ. ಒಳಗಿನ ಬಡಾವಣೆಗಳಿಂದ ರಸ್ತೆಗೆ, ರಸ್ತೆಯಿಂದ ಇಂದಿರಾನಗರಕ್ಕೋ ಹಲಸೂರಿಗೋ ಹೋಗಲು ಜನ ಹೆಚ್ಚಾಗಿ ಆಟೊವನ್ನೇ ನೆಚ್ಚಬೇಕು. ಬೇರೆ ದಾರಿ ಇಲ್ಲದ ಗಿರಾಕಿ ಯಾವ ವ್ಯಾಪಾರಿಗೂ ಇಷ್ಟ.

ಆದ್ದರಿಂದ ಮೆಟ್ರೊ ನಿಲ್ದಾಣಕ್ಕೆ ಹೋಗುವ ಫೀಡರ್ ಬಸ್ಸು, ರೈಲು ನಿಲ್ದಾಣದ ಪ್ರೀಪೇಯ್ಡ್ ಆಟೊ ಕೌಂಟರ್, ಓಡುವ ಮೀಟರ್ ಇವೆಲ್ಲ ಬರೀ ಸಾರಿಗೆ ಸೌಲಭ್ಯ ಎಂದು ಸುಮ್ಮನಾಗುವಂತಿಲ್ಲ. ಬಸ್ಸು ಹತ್ತದವರಿಗೂ ಬಸ್ಸಿನಿಂದ ಲಾಭವಿದೆ, ಏಕೆಂದರೆ ಆ್ಯಪ್ ಕೇಳಬಹುದಾದ ದರಕ್ಕೆ ಅದೊಂದು ಮಿತಿ. ಸರ್ಕಾರ ದರಪಟ್ಟಿ ಹೊರಡಿಸಿ ಕೈತೊಳೆದುಕೊಳ್ಳದೆ, ಆ್ಯಪ್ ತೋರಿಸುವ ಮೊತ್ತದ ಪಕ್ಕದಲ್ಲೇ ಮೀಟರ್ ದರವನ್ನೂ ತೋರಿಸುವಂತೆ ಕಡ್ಡಾಯ ಮಾಡಲಿ. 2012ರ ಮಸೂದೆಯೊಂದಿಗೆ ಬಿದ್ದುಹೋದ ಆ ಒಂದು ಮಾತನ್ನು ಸಂಸತ್ತು ಕಾಯ್ದೆಗೆ ಸೇರಿಸಲಿ, ಜಂಟಿಯಾಗಿ ಮಾಡುವ ದುರ್ಬಳಕೆಯೂ ದುರ್ಬಳಕೆಯೇ ಎನ್ನಲಿ.

ಓದುಗರಿಗೂ ಒಂದು ಮಾತು. ಮುಂದಿನ ಸಲ ನಾಲ್ಕು ಆ್ಯಪ್ ತೆರೆದು ಹೋಲಿಸುವಾಗ, 36ಕ್ಕೆ ಮಿಕ್ಕ ಕಿಲೊಮೀಟರಿಗೆ 18ರಂತೆ ಕೂಡಿ ಐದನೆಯ ಮೊತ್ತವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಹೋಲಿಸಬೇಕಾದದ್ದು ಅದರ ಜೊತೆ.